76 ಡಿಗ್ರಿ ಥರ್ಮೋಸ್ಟಾಟ್ ಹಾಕಿದ್ರೆ ಎಸ್ಟೀಮ್‌ಗೆ ಪಿಕಪ್ ಬರುತ್ತಾ?

ನಮಸ್ಕಾರ ಸರ್. ನಿಮ್ಮದು 2004ರ ಮಾರುತಿ ಎಸ್ಟೀಮ್ ಪೆಟ್ರೋಲ್ ಕಾರು. ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಎಳೆಯುವುದಿಲ್ಲ, ಗ್ಯಾರೇಜಿನವರು "82 ಡಿಗ್ರಿಯ ಥರ್ಮೋಸ್ಟಾಟ್ ವಾಲ್ವ್ ತೆಗೆದು 76ರದ್ದು ಹಾಕೋಣ, ಎಂಜಿನ್ ತಣ್ಣಗಿದ್ದಷ್ಟೂ ಪವರ್ ಜಾಸ್ತಿ" ಅಂದಿದ್ದಾರೆ, ಹಾಕಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ ಸರ್. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಏಕೆಂದರೆ ಈ ವಾಲ್ವ್ ವಿಷಯದಲ್ಲಿ ನಮ್ಮ ಕಡೆ ತುಂಬಾ ಎಂಜಿನ್‌ಗಳು ಸುಮ್ನೆ ಹಾಳಾಗಿವೆ.

ಮೊದಲು ಅದು ಮಾಡುವ ಕೆಲಸ ನೋಡಿ. ಥರ್ಮೋಸ್ಟಾಟ್ ನಡುವೆ ಒಂದು ಪುಟ್ಟ ಲೋಹದ ಡಬ್ಬಿ ಇದೆ, ಅದರೊಳಗೆ ಮೇಣ. ಕೂಲಂಟ್, ಅಂದರೆ ಎಂಜಿನ್ ಒಳಗೆ ಸುತ್ತಿ ಅದರ ಬಿಸಿ ಹೀರುವ ದ್ರವ, ಕಾದಾಗ ಮೇಣ ಕರಗಿ ಹಿಗ್ಗುತ್ತದೆ, ಒಂದು ಕಡ್ಡಿಯನ್ನು ತಳ್ಳುತ್ತದೆ, ವಾಲ್ವ್ ಬಾಯಿ ಬಿಟ್ಟು ಕೂಲಂಟನ್ನು ತಣಿಯಲು ರೇಡಿಯೇಟರ್‌ಗೆ ಬಿಡುತ್ತದೆ. ಮೇಲೆ 82 ಅಂತ ಒತ್ತಿದ್ದರೆ 82ಕ್ಕೆ ತೆರೆಯಲು ಶುರು ಅಂತ ಅರ್ಥ. ಪೂರ್ತಿ ತೆರೆಯಲು ಇನ್ನೂ ಹತ್ತು ಹನ್ನೆರಡು ಡಿಗ್ರಿ ಬೇಕು. ಪೂರ್ತಿ ತೆರೆದ ಮೇಲೆ ಅದರ ಕೆಲಸ ಮುಗೀತು. ಅಲ್ಲಿಂದ ಮುಂದೆ ಎಂಜಿನ್ ಎಷ್ಟು ಕಾಯಬೇಕು ಅನ್ನೋದು ರೇಡಿಯೇಟರ್, ಫ್ಯಾನ್ ಮತ್ತು ಮುಂದಿನಿಂದ ಬಡಿಯುವ ಗಾಳಿಯ ಕೈಯಲ್ಲಿ. ಅಂದರೆ ಈ ವಾಲ್ವ್ ಎಂಜಿನ್ನಿಗೆ "ಇದಕ್ಕಿಂತ ಕೆಳಗೆ ಇಳಿಯಬೇಡ" ಅಂತ ಹೇಳುತ್ತದೆಯೇ ಹೊರತು "ಇದಕ್ಕಿಂತ ಮೇಲೆ ಹೋಗಬೇಡ" ಅಂತ ಅಲ್ಲ.

ಹಾಗಾಗಿ ಘಾಟಿಯಲ್ಲಿ ಸೆಕೆಂಡ್ ಗೇರ್‌ನಲ್ಲಿ ಲಾರಿ ಹಿಂದೆ ಹೋಗುವಾಗ 76ರದ್ದಿರಲಿ 82ರದ್ದಿರಲಿ, ಎರಡೂ ಪೂರ್ತಿ ತೆರೆದೇ ಇರುತ್ತವೆ. ಟ್ರಾಫಿಕ್‌ನಲ್ಲೂ ಅಷ್ಟೇ. ಫ್ಯಾನ್ ತಿರುಗೋದೇ 90 ದಾಟಿದ ಮೇಲೆ, ಅಲ್ಲಿವರೆಗೆ ಯಾವ ವಾಲ್ವ್ ಇದ್ದರೂ ಬಿಸಿ ಏರುತ್ತಲೇ ಇರುತ್ತದೆ. ನಿಮಗೆ ಎಲ್ಲಿ ಪವರ್ ಬೇಕೋ ಅಲ್ಲೇ ಇದರಿಂದ ವ್ಯತ್ಯಾಸ ಇಲ್ಲ. ವ್ಯತ್ಯಾಸ ಕಾಣೋದು ಹೈವೇಯಲ್ಲಿ ಆರಾಮಾಗಿ ಹೋಗುವಾಗ. ಅಲ್ಲಿ ಎಂಜಿನ್ ಬೇಕಾದಷ್ಟು ಕಾಯದೆ ಓಡುತ್ತದೆ, ಅದು ನಷ್ಟವೇ.

ಹಾಗಾದರೆ ಈ ಮಾತು ಎಲ್ಲಿಂದ ಬಂತು? ಅಮೆರಿಕದ ದೊಡ್ಡ ವಿ8 (ಎಂಟು ಸಿಲಿಂಡರಿನ) ಗಾಡಿಗಳಿಂದ. ಅಲ್ಲಿ ಕಂಪನಿಯಿಂದ ಬರುವ ವಾಲ್ವ್ ಸಾಮಾನ್ಯವಾಗಿ 195 ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 91 ಡಿಗ್ರಿ. ರೇಸ್ ಹುಚ್ಚಿನವರು ಅದನ್ನು ತೆಗೆದು 160 ಫ್ಯಾರನ್‌ಹೀಟ್‌ದು, ಅಂದರೆ 71 ಡಿಗ್ರಿದು ಹಾಕುತ್ತಾರೆ. ಆದರೆ ಅವರು ಅಷ್ಟಕ್ಕೇ ಬಿಡುವುದಿಲ್ಲ ಸರ್. ಫ್ಯಾನ್ ಬೇಗ ಓಡುವ ಹಾಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಸೆಟ್ಟಿಂಗ್ ಬದಲಿಸುತ್ತಾರೆ, ಇಗ್ನಿಷನ್ ಟೈಮಿಂಗ್ ಮುಂದೆ ತರುತ್ತಾರೆ, ಅಂದರೆ ಪ್ಲಗ್ ಕಿಡಿ ಸ್ವಲ್ಪ ಬೇಗ ಹಾರುವ ಹಾಗೆ ಮಾಡುತ್ತಾರೆ. ಸಿಲಿಂಡರ್ ಮೇಲಿನ ಹೆಡ್ ತಣ್ಣಗಿದ್ದರೆ ಪೆಟ್ರೋಲ್ ತಾನಾಗೇ ಹೊತ್ತಿಕೊಂಡು ನಾಕ್ ಹೊಡೆಯೋದು ಕಡಿಮೆ, ಆ ಜಾಗ ಬಳಸಿಕೊಂಡು ಟೈಮಿಂಗ್ ಜಾಸ್ತಿ ಕೊಡಬಹುದು. ಪವರ್ ಬರೋದು ಆ ಟೈಮಿಂಗ್‌ನಿಂದ. ಟೈಮಿಂಗ್ ಮುಟ್ಟದೆ ಬರೀ ವಾಲ್ವ್ ಬದಲಿಸಿದರೆ ಅಡಿಗೆಗೆ ಒಗ್ಗರಣೆ ಮಾತ್ರ ಹಾಕಿ ಬೇಳೆ ಮರೆತ ಹಾಗೆ.

ಬೆಳಗಿನ ಜಾವ ಗಾಡಿ ಚುರುಕಾಗಿರುತ್ತಲ್ಲ ಅಂತ ನೀವು ಬರೆದಿದ್ದೀರಿ. ಅದು ನಿಜ. ಆದರೆ ಅದು ಒಳಗೆ ಹೋಗುವ ಗಾಳಿಯ ಗುಣ, ಕೂಲಂಟ್‌ದಲ್ಲ. ಗಾಳಿ 10 ಡಿಗ್ರಿ ತಣ್ಣಗಾದರೆ ಸುಮಾರು ಶೇ. 3ರಷ್ಟು ದಟ್ಟವಾಗುತ್ತದೆ, ಅಷ್ಟು ಜಾಸ್ತಿ ಆಮ್ಲಜನಕ ಸಿಲಿಂಡರ್‌ಗೆ ಸಿಗುತ್ತದೆ. ಏರ್ ಫಿಲ್ಟರ್ ಡಬ್ಬಿಗೆ ಹೊರಗಿನ ಗಾಳಿ ತರುವ ಪೈಪ್ ಸರಿಯಾಗಿ ಕೂತಿದೆಯಾ ನೋಡಿ. ಹಳೇ ಗಾಡಿಗಳಲ್ಲಿ ಅದು ಕಳಚಿಕೊಂಡು ಎಂಜಿನ್ ಮೇಲಿನ ಬಿಸಿಗಾಳಿಯನ್ನೇ ಎಳೆಯುತ್ತಾ ಇರುತ್ತದೆ.

ಈಗ ನನ್ನ ಗಾಡಿಯ ಕಥೆ. ನನ್ನದೂ ಎಸ್ಟೀಮೇ. ಒಂದು ಬೇಸಿಗೆಯಲ್ಲಿ ಹೀಟ್ ಆಗ್ತಿದೆ ಅಂತ ಒಂದು ಗ್ಯಾರೇಜಿಗೆ ಬಿಟ್ಟಿದ್ದೆ, ಅವರು ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿದ್ದರು, ನನಗೆ ಹೇಳಲೂ ಇಲ್ಲ. ಟೆಂಪರೇಚರ್ ಮುಳ್ಳು ಕೆಳಗೇ ಇದೆ ಅಂತ ನಾನು ಖುಷಿಯಾಗಿದ್ದೆ. ಹದಿನಾಲ್ಕು ಕೊಡುತ್ತಿದ್ದ ಮೈಲೇಜ್ ಹನ್ನೊಂದಕ್ಕೆ ಬಂತು. ಡಿಸೆಂಬರ್‌ನಲ್ಲಿ ಒಂದು ದಿನ ಆಯಿಲ್ ಹಾಕೋ ಮುಚ್ಚಳ ತಿರುಗಿಸಿದರೆ ಒಳಗಡೆ ಬೆಣ್ಣೆ ಮೆತ್ತಿದ ಹಾಗೆ ಬಿಳಿ ಹಳದಿ ನೊರೆ. ಹೆಡ್ ಗ್ಯಾಸ್ಕೆಟ್ (ಕೂಲಂಟ್ ಆಯಿಲ್‌ಗೆ ಸೇರದ ಹಾಗೆ ತಡೆಯುವ ಸೀಲ್) ಹೋಯ್ತು ಅಂತ ಎದೆ ಧಸಕ್ ಅಂತು. ಗ್ಯಾಸ್ಕೆಟ್ ಸರಿಯಾಗೇ ಇತ್ತು. ಎಂಜಿನ್ ಕಾಯದೆ ಇದ್ದಿದ್ದಕ್ಕೆ ಆಯಿಲ್‌ನಲ್ಲಿ ಸೇರುವ ನೀರಿನ ಪಸೆ ಆವಿಯಾಗಿ ಹೋಗದೆ ಅಲ್ಲೇ ಉಳಿದಿತ್ತು. ತಣ್ಣಗಿರುವ ಎಂಜಿನ್‌ಗೆ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ, ಅದು ಸಿಲಿಂಡರ್ ಗೋಡೆಯ ಆಯಿಲ್ ತೊಳೆಯುತ್ತದೆ, ಪಿಸ್ಟನ್ ರಿಂಗ್ ಸವೆಯುತ್ತದೆ. 76ರ ವಾಲ್ವ್‌ನಲ್ಲಿ ಇಷ್ಟೆಲ್ಲಾ ಆಗುವುದಿಲ್ಲ, ನಿಜ ಹೇಳಬೇಕು. ಆದರೆ ದಾರಿ ಅದೇ ಕಡೆಗೆ. ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸುವವರಿಗಂತೂ ಬೇಡವೇ ಬೇಡ. ಇನ್ನೊಂದು ಮಾತು, ವಾಲ್ವ್ ಕಿತ್ತರೆ ಕೆಲವು ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚದೆ, ಬಿಸಿ ನೀರು ರೇಡಿಯೇಟರ್‌ಗೆ ಹೋಗದೆ ಒಳಗೇ ಸುತ್ತಿ ಇನ್ನೂ ಜಾಸ್ತಿ ಹೀಟ್ ಆಗುತ್ತದೆ.

ದುಡ್ಡು ಖರ್ಚು ಮಾಡುವ ಮುಂಚೆ ನಿಮ್ಮ ಹಳೇ ವಾಲ್ವನ್ನು ಮನೆಯಲ್ಲೇ ಪರೀಕ್ಷೆ ಮಾಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲೇ ಬಿಚ್ಚಿ. ಬೇಡದ ಪಾತ್ರೆಯಲ್ಲಿ ನೀರಿಡಿ, ಅಡಿಗೆಮನೆಯ ಪಾತ್ರೆ ಬೇಡ, ಕೂಲಂಟ್ ವಿಷ. ವಾಲ್ವ್ ಬಾಯಿಗೆ ಹೊಲಿಗೆ ದಾರ ಸಿಕ್ಕಿಸಿ, ದಾರ ಹಿಡಿದು ನೀರಲ್ಲಿ ತೂಗುಬಿಡಿ, ತಳಕ್ಕೆ ತಾಗಬಾರದು. ಪಕ್ಕದಲ್ಲಿ ಒಂದು ಥರ್ಮಾಮೀಟರ್. ನೀರು ಕಾಯುತ್ತಾ ಬಂದ ಹಾಗೆ ವಾಲ್ವ್ ಬಾಯಿ ಬಿಟ್ಟು ಪುಳಕ್ಕಂತ ದಾರದಿಂದ ಕಳಚಿ ಬೀಳುತ್ತದೆ. ಆ ಕ್ಷಣದ ಡಿಗ್ರಿ ಬರೆದುಕೊಳ್ಳಿ. ಒತ್ತಿದ ಸಂಖ್ಯೆಗಿಂತ ಎರಡು ಮೂರು ಡಿಗ್ರಿ ಆಚೀಚೆ ಆದರೆ ಪರವಾಗಿಲ್ಲ. ತುಂಬಾ ತಡವಾಗಿ ತೆರೆದರೆ ಅಥವಾ ತೆರೆದೂ ತೆರೆಯದ ಹಾಗಿದ್ದರೆ ಹೊಸದು ಹಾಕಿ, ಆದರೆ ಅದೇ ನಂಬರಿನದ್ದು. ನಮ್ಮ ಚಿಕ್ಕಮಗಳೂರಿನ ಎತ್ತರದಲ್ಲಿ ನೀರು 96–97ಕ್ಕೇ ಕುದಿಯುತ್ತದೆ, ಗಾಬರಿ ಬೇಡ.

ಕುದಿಯೋ ಮಾತು ಬಂದಿದ್ದಕ್ಕೆ ರೇಡಿಯೇಟರ್ ಮುಚ್ಚಳವನ್ನೂ ನೋಡಿ. 0.9 ಅಂತ ಒತ್ತಿರುತ್ತದೆ, ಅದು ಮುಚ್ಚಳ ಹಿಡಿಯುವ ಒತ್ತಡ. ಅಷ್ಟು ಒತ್ತಡ ಹಿಡಿದರೆ ಬರೀ ನೀರೂ 115 ದಾಟುವವರೆಗೆ ಕುದಿಯಲ್ಲ. ರಬ್ಬರ್ ಸತ್ತ ಮುಚ್ಚಳ ಹಾಕಿಕೊಂಡು ವಾಲ್ವ್ ಬದಲಿಸಿದರೆ ಪ್ರಯೋಜನ ಏನು? ಬೋರ್‌ವೆಲ್ ನೀರು ಹಾಕಿದ್ದರೆ ರೇಡಿಯೇಟರ್ ಒಳಗೆ ಸುಣ್ಣ ಕಟ್ಟಿರುತ್ತದೆ, ತೊಳೆಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ನೀರು ಅರ್ಧರ್ಧ ಹಾಕಿ.

ಘಾಟಿಯಲ್ಲಿ ಎಳೆಯದೆ ಇರೋದಕ್ಕೆ ನನಗೆ ಅನುಮಾನ ಬೇರೆ ಕಡೆ ಇದೆ. 20 ವರ್ಷ ದಾಟಿದ ಗಾಡಿ. ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿಸಿ, ಕ್ಲಚ್ ಜಾರುತ್ತಿದೆಯಾ ನೋಡಿ, ಪ್ಲಗ್, ಪೆಟ್ರೋಲ್ ಫಿಲ್ಟರ್, ಪಂಪ್ ಪ್ರೆಷರ್. ಹತ್ತುವಾಗ ಕಟಕಟ ಅಂತ ನಾಕಿಂಗ್ ಕೇಳಿದರೆ ಒಂದು ಟ್ಯಾಂಕ್ ಜಾಸ್ತಿ ಆಕ್ಟೇನ್‌ನ, ಅಂದರೆ ನಾಕ್ ತಡೆಯುವ ಶಕ್ತಿ ಹೆಚ್ಚಿರುವ ಪೆಟ್ರೋಲ್ ಹಾಕಿ ನೋಡಿ.

ರ‍್ಯಾಲಿಗೆ ಇಳಿಸುವ ಗಾಡಿ, ಕಂಪ್ರೆಷನ್ ಏರಿಸಿದ ಎಂಜಿನ್, ಟ್ಯೂನಿಂಗ್ ಗೊತ್ತಿರುವವರ ಕೈ, ಫ್ಯಾನ್ ಸ್ವಿಚ್ಚೂ ಬದಲಿಸಿದ್ದರೆ 76ರದ್ದು ಹಾಕಿ ಅಂತ ನಾನೇ ಹೇಳುತ್ತಿದ್ದೆ.

ವಾಪಸ್ ಕೂರಿಸುವಾಗ ಗಮನ ಇರಲಿ. ವಾಲ್ವ್ ಅಂಚಿನಲ್ಲಿ ಅಲುಗಾಡುವ ಒಂದು ಸಣ್ಣ ಪಿನ್ ಇರುತ್ತದೆ, ಗಾಳಿ ಹೊರಗೆ ಹೋಗೋದು ಅದರ ಪಕ್ಕದ ತೂತಿನಿಂದ. ಅದು ಮೇಲ್ಗಡೆ ಬರಬೇಕು. ಹೊಸ ಗ್ಯಾಸ್ಕೆಟ್ ಹಾಕಿ. ವಾಲ್ವ್ ಬಿಚ್ಚಿದಾಗ ಒತ್ತಿರುವ ನಂಬರ್ ಕಾಣುವ ಹಾಗೆ ಒಂದು ಫೋಟೊ, ದಾರ ಕಳಚಿದಾಗಿನ ಡಿಗ್ರಿ, ಎರಡನ್ನೂ ಇಲ್ಲಿ ಹಾಕಿ ಸರ್, ಮುಂದಿನದು ಅದನ್ನು ನೋಡಿ ಹೇಳುತ್ತೇನೆ.