ದಿಂಬಿನ ಮೇಲಿನ ರಕ್ತದ ಕಲೆ

ಆತ್ಮೀಯರೇ,

ಗುಟ್ಕಾದ ಚಟದಿಂದ ಕೆನ್ನೆಯ ಕ್ಯಾನ್ಸರ್ ಆಗಿ ನಿಮ್ಮ ತಂದೆಗೆ ಆಪರೇಷನ್ ಆಯಿತು, ಎದೆಯ ಮಾಂಸ ತಂದು ಕೆನ್ನೆಗೆ ಕೂರಿಸಿದರು. 12ನೇ ದಿನ ಬೆಳಿಗ್ಗೆ ದಿಂಬಿನ ಮೇಲೆ ರಕ್ತ ಕಂಡಿತು, ತಾನಾಗಿಯೇ ನಿಂತಿತು. ‘ನಿಂತಿತಲ್ಲ, ಮತ್ತೆ ಆಸ್ಪತ್ರೆಗೆ ಯಾಕೆ?’ ಎಂದು ಕೇಳಿದ್ದೀರಿ. ಪತ್ರ ಓದಿದ ದಿನವೇ ಫೋನಿನಲ್ಲಿ ‘ಹೊರಡಿ’ ಎಂದಿದ್ದೆ. ಯಾಕೆ ಅಂತ ಈಗ ಬರೆಯುತ್ತೇನೆ. ಇಂಥ ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವವರು ಇನ್ನೂ ಇದ್ದಾರಲ್ವಾ?

ಎಂಜಲಿಗೆ ಬೆರೆತರೆ ಒಂದು ಚಮಚ ರಕ್ತವೂ ಜಾಸ್ತಿ ಕಾಣುತ್ತದೆ, ನಿಜ. ಆದರೆ ದಿನಗಳಾದ ಮೇಲೆ ಬರುವ ರಕ್ತದ ಹಿಂದೆ ಸೋಂಕು ಇರಬಹುದು, ಇಲ್ಲವೇ ಹೊಲಿಗೆ ಬಿಟ್ಟು ಎಂಜಲು ಕತ್ತಿನೊಳಗೆ ಸೋರುತ್ತಿರಬಹುದು. ಅದರಲ್ಲಿ ನೆನೆದೂ ನೆನೆದೂ ಕತ್ತಿನ ದೊಡ್ಡ ರಕ್ತನಾಳದ ಗೋಡೆ ಸವೆಯುತ್ತದೆ. ರೇಡಿಯೇಷನ್ ಆಗಿದ್ದರಂತೂ ಅಪಾಯ ಇನ್ನೂ ಹೆಚ್ಚು. ಆ ನಾಳ ಒಡೆಯುವ ಮುಂಚೆ ಕೆಲವೊಮ್ಮೆ ಸ್ವಲ್ಪವೇ ರಕ್ತ ಬಂದು ಸುಮ್ಮನಾಗುತ್ತದೆ. ಸುಮ್ಮನಾಯಿತೆಂದು ನಂಬಿ ಮನೆಯಲ್ಲಿ ಉಳಿಯಬಾರದು.

ಹೊರಗೆ ಕಾಣದ ರಕ್ತವೂ ಇದೆ. ಕೂರಿಸಿದ ಮಾಂಸದ ಕೆಳಗೆ ರಕ್ತ ಹೆಪ್ಪುಗಟ್ಟಿದರೆ ಅದರ ನಾಳವೇ ಅದುಮಿ ಹೋಗುತ್ತದೆ. ಕೆನ್ನೆ ಬಿಗಿದು ಊದುತ್ತದೆ, ಕೂರಿಸಿದ ಆ ಮಾಂಸದ ತೇಪೆ ನೇರಳೆಗೆ ತಿರುಗುತ್ತದೆ. ಆಗ ಮತ್ತೆ ಆಪರೇಷನ್ ಥಿಯೇಟರಿಗೆ ಒಯ್ದು ಹೆಪ್ಪು ತೆಗೆಯಬೇಕು. ತಡವಾದರೆ ಮಾಂಸ ಸಾಯುತ್ತದೆ. ವಾರ್ಡಿನಲ್ಲಿ ಡಾಕ್ಟರು ತೇಪೆಗೆ ಸೂಜಿ ಚುಚ್ಚಿ ನೋಡುತ್ತಿದ್ದರು ಅಂತ ಬರೆದಿದ್ದೀರಲ್ಲ, ಅದು ಇದಕ್ಕೇ. ಕೆಂಪು ರಕ್ತ ಬಂದರೆ ನೆಮ್ಮದಿ. ಕಪ್ಪಾಗಿ ಬಂದರೆ ರಕ್ತ ವಾಪಸ್ ಹೋಗುತ್ತಿಲ್ಲ ಅಂತ. ಅಂಥ ಹೊತ್ತಿನಲ್ಲಿ ನಿಂತ ರಕ್ತ ಹೀರಲಿ ಅಂತ ಕೆಲವು ಕಡೆ ಜಿಗಣೆ ಬಿಡುವುದೂ ಉಂಟು. ಇಂಬಳದ (ಕಾಡಿನ ಜಿಗಣೆಯ) ಕಾಟ ಕಂಡ ಮಲೆನಾಡಿನವರು ನಕ್ಕಾರು!

ಮನೆಯಲ್ಲಿ ಬಾಯಿಂದ ರಕ್ತ ಬಂದರೆ ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿಸಿ, ಬಟ್ಟಲಿಗೆ ಉಗುಳಿಸಿ. ಜಾಗ ಕಂಡರೆ ಶುದ್ಧವಾದ ಗಾಜ್ ಬಟ್ಟೆ ಇಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಡುವೆ ತೆಗೆದು ಇಣುಕಬೇಡಿ. ಪಕ್ಕದ ಮನೆಯವರು ಹೇಳಿದ ಕಾಫಿಪುಡಿ ಡಬ್ಬಿಯಲ್ಲೇ ಇರಲಿ. ಧಾರೆಯಾಗಿ ಬಂದರೆ ಒತ್ತಿಕೊಂಡೇ 108ಕ್ಕೆ ಕರೆ ಮಾಡಿಸಿ. ಕತ್ತಿನ ಸುತ್ತ ಮಾತ್ರ ಬಿಗಿಯಾಗಿ ಬಟ್ಟೆ ಕಟ್ಟಬೇಡಿ. ಎದೆಯಿಂದ ಕೆನ್ನೆಗೆ ಹೋದ ನಾಳ ಕತ್ತಿನ ಚರ್ಮದ ಕೆಳಗೇ ಹಾದಿದೆ.

ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಕೊಳವೆ) ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ನಡೆಯುತ್ತಿದೆ ಅಂತ ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ. ಅದು ಮೊದಲ ಸಾಲಾಗಬೇಕಿತ್ತು! ನೀವಾಗಿಯೇ ನಿಲ್ಲಿಸಬೇಡಿ. ಬಿಡುವುದೋ ಮುಂದುವರಿಸುವುದೋ, ಡಾಕ್ಟರೇ ಹೇಳಬೇಕು.

ದಿಂಬಿನ ಕವರ್ ತೊಳೆಯಬೇಡಿ ಅಂದದ್ದಕ್ಕೆ ನಿಮ್ಮ ತಾಯಿ ಬೇಸರ ಮಾಡಿಕೊಂಡರಂತೆ. ಎಷ್ಟು ರಕ್ತ ಬಂತು ಅಂತ ಡಾಕ್ಟರು ಕೇಳಿದಾಗ ಬಾಯಲ್ಲಿ ಹೇಳುವುದು ಕಷ್ಟ, ಅದಕ್ಕೇ ಹಾಗಂದೆ.

— ಸಂಪಾದಕ