ಹೊಕ್ಕುಳಿನ ಹರ್ನಿಯಾ: ಶಸ್ತ್ರಚಿಕಿತ್ಸೆ ಮುಂದೂಡಬಹುದೇ?

ಪ್ರಶ್ನೆ: ಎರಡು ವರ್ಷದ ಮಗಳು ಅತ್ತಾಗ ಹೊಕ್ಕುಳು ನೆಲ್ಲಿಕಾಯಿಯಷ್ಟು ಉಬ್ಬಿ, ಮಲಗಿದಾಗ ಒಳಸರಿಯುತ್ತದೆ. ವೈದ್ಯರು ಶಸ್ತ್ರಚಿಕಿತ್ಸೆಗೆ ಅವಸರವಿಲ್ಲ ಎನ್ನುತ್ತಾರೆ; ಅತ್ತೆಯವರು ನಾಣ್ಯವಿಟ್ಟು ಪಟ್ಟಿ ಕಟ್ಟಲು ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಕಾಯಬಹುದು. ಹೊಕ್ಕುಳಬಳ್ಳಿ ಹಾದುಬಂದಿದ್ದ ರಂಧ್ರ ಪೂರ್ತಿ ಮುಚ್ಚದೆ ಉಳಿದಾಗ ಈ ಉಬ್ಬು, ಅಂದರೆ ಹೊಕ್ಕುಳಿನ ಹರ್ನಿಯಾ, ಕಾಣಿಸುತ್ತದೆ. ಬಹುಪಾಲು ಮಕ್ಕಳಲ್ಲಿ ಅದು 4–5 ವರ್ಷ ವಯಸ್ಸಿನೊಳಗೆ ತಾನಾಗಿಯೇ ಮುಚ್ಚಿಕೊಳ್ಳುವುದರಿಂದ, ಅರಿವಳಿಕೆಯ ಸಣ್ಣ ಅಪಾಯವನ್ನಾದರೂ ಈಗಲೇ ಏಕೆ ಎಳೆದುಕೊಳ್ಳಬೇಕು ಎಂಬುದು ವೈದ್ಯರ ಲೆಕ್ಕಾಚಾರ. ಅವರನ್ನು ಕೇಳಬೇಕಾದದ್ದು ಉಬ್ಬಿನ ಗಾತ್ರವನ್ನಲ್ಲ, ಬೆರಳಿಗೆ ಸಿಗುವ ರಂಧ್ರದ ಅಗಲವನ್ನು. ದೊಡ್ಡ ರಂಧ್ರ ತಾನಾಗಿ ಮುಚ್ಚುವುದು ಕಡಿಮೆ. ನಾಣ್ಯದಿಂದ ರಂಧ್ರ ಮುಚ್ಚದು, ಬೆವರು ನಿಂತು ಚರ್ಮ ಹುಣ್ಣಾದೀತು (ಅತ್ತೆಯವರಿಗೆ ಮೆಲ್ಲಗೆ ಹೇಳಿ). ಉಬ್ಬು ಗಟ್ಟಿಯಾಗಿ ಒಳಸರಿಯದಿದ್ದರೆ, ನೋವು, ವಾಂತಿ ಕಾಣಿಸಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ತೊಡೆಸಂದಿನ ಹರ್ನಿಯಾಗೆ ಮಾತ್ರ ಈ ಕಾಯುವಿಕೆ ಸಲ್ಲದು.