ನಗು ಮುಗಿದ ಮೇಲೆ ಇನ್ನೊಂದು ಮಾತು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಆಟಿ ತಿಂಗಳ ಮಳೆಯಲ್ಲಿ ಗಂಡ ಹೆಂಡತಿ ಇಬ್ಬರೂ ನನ್ನ ಬಳಿ ಆಪ್ತಸಮಾಲೋಚನೆಗೆ ಬಂದಿದ್ದರು. ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯವರು. ಗಂಡ ತೆಂಕುತಿಟ್ಟಿನ ಯಕ್ಷಗಾನ ಮೇಳವೊಂದರಲ್ಲಿ ಹಾಸ್ಯಗಾರರು, ವಯಸ್ಸು 48. ಮೇ ಕೊನೆಗೆ, ಮೇಳದ ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚಿದ ಮೇಲೆ ದೀಪಾವಳಿಯವರೆಗೆ ಮನೆಯಲ್ಲೇ ಇರುತ್ತಾರೆ, ನಡುವೆ ಒಂದಿಷ್ಟು ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಅರ್ಥ ಹೇಳುವ ಕೂಟ.

ಏನು ತೊಂದರೆ ಎಂದು ಕೇಳಿದೆ.

"ನನ್ನ ಎದೆಯೊಳಗೆ ಯಾರೋ ಚೆಂಡೆ ಬಾರಿಸ್ತಾರೆ ಮೇಡಂ. ಭಾಗವತರ ಪದ ಮಾತ್ರ ಕೇಳಿಸುವುದಿಲ್ಲ."

ನಾನು ನಕ್ಕುಬಿಟ್ಟೆ. ಹೇಳಿದ ರೀತಿ ಹಾಗಿತ್ತು. ಹೆಂಡತಿ ನಗಲಿಲ್ಲ. "ಚೌಕಿಯಲ್ಲಿ ವೇಷ ಹಾಕುವಾಗಲೂ ಹೀಗೇ ಹೇಳಿದ್ದಾರೆ. ಎಲ್ಲರೂ ನಕ್ಕರಂತೆ. ಒಬ್ಬರೂ ಆಸ್ಪತ್ರೆಗೆ ಹೋಗಿ ಅನ್ನಲಿಲ್ಲ. ಇವರು ಹೇಳುವುದರಲ್ಲಿ ಯಾವುದು ನಿಜ ಅಂತ ನನಗೇ ಗೊತ್ತಾಗುವುದಿಲ್ಲ" ಎಂದರು.

ಎದೆಯ ವಿಷಯ ಬಂದಾಗ ಮೊದಲು ಡಾಕ್ಟರ್, ಆಮೇಲೆ ನಾನು. ಇಸಿಜಿ, ಬಿಪಿ, ಸಕ್ಕರೆ ಎಲ್ಲ ನೋಡಿಸಿದರು. ಸಕ್ಕರೆ ಸ್ವಲ್ಪ ಜಾಸ್ತಿ, ಹೃದಯಕ್ಕೆ ತೊಂದರೆ ಇಲ್ಲ. ರಾತ್ರಿ ಎರಡು ಗಂಟೆಗೆ ಎದೆ ಹೊಡೆದುಕೊಳ್ಳುವುದು, ಬೆವರುವುದು, ಸತ್ತೇ ಹೋಗುತ್ತೇನೆ ಅನ್ನಿಸುವುದು. ಗಾಬರಿಯ ಲಕ್ಷಣ ಎಂದರು ಡಾಕ್ಟರ್.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಇಲ್ಲಿ ತಮಾಷೆ ಬೇಡ, ಇದ್ದದ್ದು ಇದ್ದ ಹಾಗೆ ಹೇಳಿ" ಎಂದೆ. ಮುಂದಿನ ವಾರ ಬಂದವರು ಮುಕ್ಕಾಲು ಗಂಟೆ ಸುಮ್ನೆ ಕೂತರು. ಕೊನೆಗೆ, "ತಮಾಷೆ ಬಿಟ್ಟರೆ ನನಗೆ ಬಾಯೇ ಇಲ್ಲ" ಎಂದರು. ಸರಿಯೇ ಅಲ್ವಾ? ರಾಜವೇಷಕ್ಕೆ ಹೇಳಲು ಪದ್ಯದ ಅರ್ಥವಾದರೂ ಇರುತ್ತದೆ. ಹಾಸ್ಯಗಾರನದು ಹೆಚ್ಚಿನದೆಲ್ಲ ಆ ಕ್ಷಣಕ್ಕೆ ಹುಟ್ಟುವ ಮಾತು. ಒಂದೇ ರಾತ್ರಿ ದೂತ, ಬ್ರಾಹ್ಮಣ, ಮುದುಕಿ. ಇಪ್ಪತ್ತೈದು ವರ್ಷ ಹೀಗೆ ದುಡಿದ ನಾಲಿಗೆಗೆ ರಜೆ ಕೊಡಿ ಎಂದರೆ ಹೇಗೆ?

ಇನ್ನೊಂದು ಗಮನಿಸಿದೆ. ನಾವು ಮಾತಾಡುತ್ತಿದ್ದದ್ದು ಕನ್ನಡದಲ್ಲಿ. ಕಚೇರಿಗೆ ಮಲಯಾಳ, ಮನೆಗೆ ತುಳು, ಕನ್ನಡ ಅವರಿಗೆ ರಂಗಸ್ಥಳದ್ದು. ಕನ್ನಡ ಬಾಯಿಗೆ ಬಂದ ಕೂಡಲೇ ವೇಷವೂ ಬರುತ್ತದೆ. "ತುಳುವಿನಲ್ಲೇ ಹೇಳಿ" ಎಂದೆ. ಸ್ವರವೇ ತಗ್ಗಿತು. "ಎಂಕ್ ಪೋಡಿಗೆ ಆಪುಂಡು" ಎಂದರು. ನನಗೆ ಹೆದರಿಕೆ ಆಗ್ತದೆ. ಹೆಂಡತಿ ಸೀರೆಯ ಸೆರಗು ಹಿಡಿದುಕೊಂಡು ಹಾಗೇ ಕೂತಿದ್ದರು.

ಅಲ್ಲಿಂದ ಸಲಹೆ ಬದಲಾಯಿತು. ತಮಾಷೆ ಮಾಡಿ. ಎದುರಿನವರು ನಗಲಿ. ನಗು ನಿಂತ ಮೇಲೆ ಇನ್ನೊಂದು ಮಾತು ಸೇರಿಸಿ, ಅದು ತುಳುವಿನಲ್ಲಿರಲಿ. ದಿನಕ್ಕೆ ಒಂದು ಸಲ, ಹೆಂಡತಿಗೆ ಮಾತ್ರ. ಹೆಂಡತಿಗೆ ಹೇಳಿದ್ದು: ಆ ಮಾತಿಗೆ ತಕ್ಷಣ ಉತ್ತರ ಕೊಡಬೇಡಿ, ಸಮಾಧಾನವೂ ಬೇಡ, ಕೇಳಿಸಿಕೊಳ್ಳಿ.

ನಿದ್ದೆಯದು ಬೇರೆ ಕೆಲಸ. ಬೆಳಗಿನವರೆಗೆ ಎಳೆಯದ ಕಾಲಮಿತಿ ಆಟ ನಡುರಾತ್ರಿಯ ಹೊತ್ತಿಗೆ ಮುಗಿದರೂ ಬೈಕಿನಲ್ಲಿ ಮನೆ ಮುಟ್ಟಿ, ಮಲಗುವಾಗ ಮೂರು ಗಂಟೆ. ಆರು ತಿಂಗಳ ಈ ರೂಢಿ ಮಳೆಗಾಲದಲ್ಲಿ ತಾನಾಗಿ ಬಿಡುವುದಿಲ್ಲ. ದಿನಾ ಒಂದೇ ಹೊತ್ತಿಗೆ ಏಳಬೇಕು, ಬೆಳಗ್ಗೆ ಅಂಗಳಕ್ಕೆ ಬೆಳಕಿಗೆ ಬರಬೇಕು, ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಮುಗಿಸಬೇಕು, ಸಂಜೆಯ ಮೇಲೆ ಚಹಾ ಬೇಡ ಎಂದೆ. ಚಹಾ ಬಿಡಲಿಲ್ಲ, ಉಳಿದದ್ದು ಮಾಡಿದರು. ಎದೆ ಹೊಡೆದುಕೊಂಡಾಗ ಉಸಿರು ನಿಧಾನಕ್ಕೆ ಬಿಡುವುದನ್ನೂ ಕಲಿಸಿದೆ. ಅದು ಅವರಿಗೆ ಕಷ್ಟವಾಗಲಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಬರೆದು ಕೊಟ್ಟೆ, ರಾತ್ರಿಯೂ ಮಾತಾಡುತ್ತಾರೆ.

ನಾಲ್ಕನೇ ಭೇಟಿಯಲ್ಲಿ ಬಾಹುಕನ ಮಾತು ಅವರೇ ತೆಗೆದರು. ಅವರ ಪ್ರೀತಿಯ ವೇಷ. ಜನ ನಗುವ ಆ ಕುರೂಪಿ ನಿಜವಾಗಿ ನಳ. ದಮಯಂತಿ ಅವನ ಗುರುತು ಹಿಡಿದದ್ದು ಅಡುಗೆಯ ರುಚಿಯಿಂದ. "ಇವಳೂ ಹಾಗೇ. ನಾನು ಗಂಜಿ ಅರ್ಧಕ್ಕೆ ಬಿಟ್ಟರೆ ಗೊತ್ತಾಗ್ತದೆ" ಎಂದರು. "ಗೊತ್ತಾಗ್ತಿತ್ತು, ಕೇಳಲಿಕ್ಕೆ ಧೈರ್ಯ ಇರಲಿಲ್ಲ. ತಮಾಷೆ ಮಾಡಿ ಬಿಡ್ತಿದ್ರಲ್ಲ" ಎಂದರು ಹೆಂಡತಿ.

ಮೇಳ ಹೊರಟ ಮೇಲೆ ಒಮ್ಮೆ ಫೋನ್ ಬಂತು. "ಚೆಂಡೆ ನಿಂತಿಲ್ಲ ಮೇಡಂ. ಆದರೆ ಈಗ ಪದವೂ ಕೇಳಿಸ್ತದೆ, ಭಾಗವತರಿಗೆ ಶ್ರುತಿ ಮಾತ್ರ ಇಲ್ಲ."

ನಕ್ಕೆ. ನಕ್ಕು ಮುಗಿಸಿ ಕಾದೆ.

"ಮೊದಲು ದಿನಾ ಬರ್ತಿತ್ತು. ಈಗ ವಾರಕ್ಕೆ ಒಂದೆರಡು ಸಲ" ಎಂದರು, ತುಳುವಿನಲ್ಲಿ.